ವಿಮಾನ ದಾಟಿದ ಮೇಲೆ ಮೊದಲ ಮಾತು

ಮಾರ್ಚ್ 3, ಮಧ್ಯಾಹ್ನ

ಊಟದ ಹೊತ್ತಿಗೆ ಸರಿಯಾಗಿ ಮನೆ ಮೇಲೆ ವಿಮಾನ. ಎಂದಿನಂತೆ ಎಲ್ಲರೂ ತುತ್ತು ಹಿಡಿದು ಸುಮ್ಮನೆ ಕೂತೆವು. ಈ ಮನೆಗೆ ಬಂದಾಗಿನಿಂದ ನನ್ನ ಕಾನೂನು ಇದು — ವಿಮಾನ ಹೋಗುವಾಗ ಯಾರೂ ಅರಚಬಾರದು, ಹೋದ ಮೇಲೆ ಮೊದಲ ಮಾತು ನನ್ನದು. ವಿಮಾನಕ್ಕೆ ಮುಂಚೆ ಯಜಮಾನರು "ಇವತ್ತು ಉಪ್ಪು..." ಎಂದು ಮಾತು ತೆಗೆದಿದ್ದರು. ಸದ್ದು ಅಡಗಿದ ಕೂಡಲೇ ನಾನು, "ಫ್ಯಾನ್ ಒರೆಸಿ ಎಷ್ಟು ಕಾಲ ಆಯ್ತು?" ಎಂದೆ. ಉಪ್ಪಿನ ಮಾತು ಅಲ್ಲಿಗೆ ಮುಗಿಯಿತು. ಸಂಸಾರ ನಡೆಸುವುದು ಹೀಗೆ.

ಸೊಸೆ ಮಾತ್ರ ಸೂರು ನೋಡುತ್ತಿದ್ದಳು. ವಿಮಾನದ ಎಂಜಿನ್ ಸದ್ದು ತಗ್ಗಿಸುವುದೇ ಅವಳ ಕೆಲಸ. ಸದ್ದು ಹಾಗೇ ಇದೆ. ಹಾಗಂತ ಅವಳಿಗೆ ಅಂದೂ ಬಿಟ್ಟೆ.

ಮಾರ್ಚ್ 6, ಸಂಜೆ

ನನ್ನ ಹೊಲಿಗೆ ಕತ್ತರಿ — ಯಾರೂ ಮುಟ್ಟಬಾರದ ಕತ್ತರಿ — ಸೊಸೆಯ ಕೈಯಲ್ಲಿ! ರಟ್ಟಿನ ಕೊಳವೆಯ ಅಂಚನ್ನು ಗರಗಸದ ಹಲ್ಲಿನಂತೆ ಕತ್ತರಿಸುತ್ತಿದ್ದಳು.

"ಅದು ಬಟ್ಟೆಗೆ ಮಾತ್ರ!"

"ಎರಡೇ ನಿಮಿಷ ಅತ್ತೆ. ನೋಡಿ, ಎಂಜಿನ್ ಹಿಂದಿನಿಂದ ಬಿಸಿ ಗಾಳಿ ನುಗ್ಗುತ್ತೆ. ಹೊರಗಿನ ಗಾಳಿ ನಿಧಾನ. ಎರಡೂ ಒಮ್ಮೆಲೇ ಡಿಕ್ಕಿ ಹೊಡೆದ್ರೆ ಆ ಗುಡುಗು. ಅಂಚಿಗೆ ಹೀಗೆ ಹಲ್ಲು ಕೊಟ್ರೆ ಬೇಗ, ಜಗಳ ಇಲ್ದೆ ಬೆರೆಯುತ್ವೆ."

"ಮನೆಗೆ ಬಂದ ಹೊಸ ಸೊಸೆ ಥರ ಅನ್ನು."

"ನಾನು ಬಂದಾಗ್ಲೂ ಇಲ್ಲಿ ಹಲ್ಲಿತ್ತು ಅತ್ತೆ. ಕಚ್ಚೋಕೆ!"

ನಗು ಬಂತು. ತೋರಿಸಲಿಲ್ಲ. ತಿಂಗಳ ಕೊನೆಯೊಳಗೆ ಈ ಹಲ್ಲು ಗೆಲ್ಲದಿದ್ದರೆ ಕಚೇರಿಯವರು ಈ ಕೆಲಸವನ್ನೇ ನಿಲ್ಲಿಸುತ್ತಾರಂತೆ.

ಮಾರ್ಚ್ 11

ಸೊಸೆ ನನ್ನ ಕಿವಿಗೆ ಹೆಡ್‌ಫೋನ್ ಹಾಕಿದಳು. ಮೊದಲು ಹಳೆಯ ಎಂಜಿನ್ ಸದ್ದು, ಆಮೇಲೆ ಹಲ್ಲಿನದು.

"ಗುಡುಗು ಹೋಗಿದೆ. ಸಿಳ್ಳೆ ಬಂದಿದೆ. ಕಿವಿಗೆ ಸೂಜಿ ಚುಚ್ಚಿದ ಹಾಗೆ."

"ಸದ್ದಿನ ಮೀಟರ್‌ನಲ್ಲಿ ಕಡಿಮೆ ಬಂದಿದೆ ಅತ್ತೆ..."

"ಮೀಟರ್ ಈ ಮನೇಲಿ ವಾಸ ಇಲ್ಲ."

ಅವಳ ಮುಖ ಸಪ್ಪಗಾಯಿತು. ಮಗ ನನ್ನನ್ನು ಅಡುಗೆಮನೆಗೆ ಕರೆದ. "ಅಮ್ಮ, ಒಂದೇ ಒಂದ್ಸಲ ಚೆನ್ನಾಗಿದೆ ಅಂದ್ರೆ ನಿನ್ನ ಗಂಟೇನು ಹೋಗುತ್ತೆ?"

ಸುಳ್ಳು ಹೇಳಿ ರೂಢಿಯಿಲ್ಲ.

ಮಾರ್ಚ್ 13

ಕಚೇರಿಯವರು ಅಕ್ಕಪಕ್ಕದ ಬೀದಿಯವರನ್ನೂ ಕರೆಸಿ ಕೇಳಿಸಿದರಂತೆ. ಅವರೂ ಸಿಳ್ಳೆ ಎಂದರಂತೆ. ಗೆದ್ದೆ ಅನ್ನಿಸಬೇಕಿತ್ತು. ಸೊಸೆ ಊಟಕ್ಕೇ ಬರಲಿಲ್ಲ.

ಮಾರ್ಚ್ 20, ಬೆಳಿಗ್ಗೆ

ಇಂದು ಮಾತಾಡಿದಳು. "ಹಲ್ಲು ಒಳಕ್ಕೆ ಜಾಸ್ತಿ ಬಾಗಿತ್ತು ಅತ್ತೆ, ಗಾಳೀನ ತೀರಾ ಕಲಕ್ತಿತ್ತು. ಅದಕ್ಕೇ ಸಿಳ್ಳೆ. ಈಗ ಒಂಚೂರು ನೆಟ್ಟಗೆ ಮಾಡಿದ್ದೀವಿ. ನಾಳಿದ್ದು ಇದನ್ನ ಹಾಕಿರೋ ವಿಮಾನ ಹಾರಿಸ್ತಾರೆ. ನಮ್ಮನೆ ಮೇಲೇ!"

ಕತ್ತರಿಯನ್ನು ನಾನೇ ಅವಳ ಮೇಜಿನ ಮೇಲಿಟ್ಟು ಬಂದೆ. ಬೇಕಾದೀತು.

ಮಾರ್ಚ್ 22, ಮಧ್ಯಾಹ್ನ

ಊಟಕ್ಕೆ ಕೂತಿದ್ದೆವು. ಸೊಸೆಯ ಕಣ್ಣು ಗಡಿಯಾರದ ಮೇಲೆ. ಯಜಮಾನರು ಶುರು ಮಾಡಿದರು:

"ಇವತ್ತು ಉಪ್ಪು ಜಾಸ್ತಿಯಾಗಿದೆ ಕಣೇ. ಇವತ್ತಲ್ಲ, ಮದುವೆಯಾದಾಗಿಂದ್ಲೂ."

ಮಾತು ಪೂರ್ತಿಯಾದದ್ದಕ್ಕೆ ಅವರೇ ಬೆಚ್ಚಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಸೊಸೆ ಎದ್ದು ಕಿಟಕಿಯತ್ತ ಬೆರಳು ಮಾಡಿದಳು. ವಿಮಾನ! ಮನೆ ದಾಟಿ, ನೀರಿನ ಟ್ಯಾಂಕ್‌ನ ಆಚೆ ಏರುತ್ತಿತ್ತು. ಸದ್ದು ಇರಲಿಲ್ಲವೆಂದಲ್ಲ. ಮಾತು ನಿಲ್ಲಿಸುವಷ್ಟು ಇರಲಿಲ್ಲ. ಸಿಳ್ಳೆಯೂ ಇರಲಿಲ್ಲ.

"ಹೇಗಿದೆ ಅತ್ತೆ?"

"ಉಪ್ಪು ಸರಿಯಾಗೇ ಇದೆ."

ಮಗ ಬಿದ್ದು ಬಿದ್ದು ನಕ್ಕ. ಅವಳು ನಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

ಅದೇ ದಿನ, ಸಂಜೆ

ಕಚೇರಿಯಿಂದ ಫೋನ್ ಬಂತು. ಮೇಲಿನವರು ಒಪ್ಪಿದರಂತೆ, ಕೆಲಸ ಮುಂದುವರಿಯುತ್ತದಂತೆ. ಮನೆಯಲ್ಲೆಲ್ಲ ಗದ್ದಲ. ಯಜಮಾನರು ಇನ್ನೂ ಏನೇನೋ ಹೇಳುವುದಿದೆ ಎನ್ನುತ್ತಿದ್ದಾರೆ... ನನ್ನ ಕಾನೂನಿಗೇ ಕತ್ತರಿ ಹಾಕಿದಳು ಈ ಹುಡುಗಿ. ಅದೂ ನನ್ನ ಕತ್ತರಿ.

ಪಕ್ಕದ ಕೋಣೆಯಲ್ಲಿ ಒಬ್ಬಳೇ ಕೂತಿದ್ದಾಳೆ. ಹೋಗಿ ಹೇಳಿಬಿಡಬೇಕು. ಮಗ ಅಂದ ಆ ಒಂದು ಪದ, ಅಷ್ಟೇ. ಹೋಗಿ ಬಾಗಿಲಲ್ಲಿ ನಿಂತೂ ಬಂದೆ. ಹಳೆಯ ವಿಮಾನವೊಂದು ಈಗ ಗುಡುಗುತ್ತಿದೆ. ಅದು ಹೋಗಲಿ. ಹೋದ ಮೇಲೆ ಮೊದಲ ಮಾತು —