ಕಾಲಿಂಚಿನ ಗುಟ್ಟು

ಡಿಸ್ ರಸ್ತೆ, ನಾರ್ಫೋಕ್
ಜೂನ್ 16, ಸೋಮವಾರ

ಮುದ್ದಿನ ಬ್ರಯನಿ,

ಕಾಗದ ಕಂಡು ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ಅಪ್ಪ ಹಿತ್ತಲಲ್ಲಿ ಬೀನ್ಸ್ ಬಳ್ಳಿಗೆ ಕೋಲು ನೆಡುತ್ತಿದ್ದಾರೆ. ಫೋನ್ ಮಾಡಬಹುದಿತ್ತು. ಆದರೆ ನಿನ್ನ ಫೋನು ಕಂಪನಿ ಕೊಟ್ಟದ್ದು, ಅದರೊಳಗೆ ಯಾರು ಕಿವಿಯಿಟ್ಟು ಕೂತಿರುತ್ತಾರೋ! ನಗು, ನಗು. ನಿನ್ನಪ್ಪನೂ ನಕ್ಕರು.

ಸುತ್ತಿಬಳಸದೆ ಕೇಳುತ್ತೇನೆ. ಈಸ್ಟರ್ ಊಟಕ್ಕೆ ಬಂದವಳು ಕುರಿಮಾಂಸ ಕತ್ತರಿಸುತ್ತ, "ಅಮ್ಮಾ, ಕಾರ್ ಸೀಟಿನ ಚರ್ಮ ಕತ್ತರಿಸೋವಾಗ ಏನೇನು ಮಾಡ್ತೀಯ, ಸ್ವಲ್ಪ ಹೇಳೇ" ಎಂದೆಯಲ್ಲ, ಯಾಕೆ? ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ನೀನು ಅದನ್ನು ಕೇಳಿದವಳಲ್ಲ. ಶಾಲೆಯಲ್ಲಿ ಅಮ್ಮನ ಕೆಲಸವೇನು ಎಂದರೆ "ಹೊಲಿಗೆ" ಎಂದು ಗೊಣಗುತ್ತಿದ್ದವಳು. ಈಗ ನಮ್ಮದೇ ಕಂಪನಿಯ ಲಂಡನ್ ಕಚೇರಿಯಲ್ಲಿ ಕೂತು ಮುಂದಿನ ಕಾರುಗಳ ಯೋಜನೆ ಬರೆಯುವವಳಿಗೆ ಇದ್ದಕ್ಕಿದ್ದಂತೆ ಅಮ್ಮನ ಕತ್ತರಿ ನೆನಪಾಯಿತೇ? ಆಗಲೇ ನನ್ನ ಕಿವಿ ನೆಟ್ಟಗಾಯಿತು. ಮಾತು ತಿರುಗಿಸಿ ಪುದೀನಾ ಚಟ್ನಿಯ ಬಟ್ಟಲು ನಿನ್ನತ್ತ ತಳ್ಳಿದೆ.

ಅದಾಗಿ ಮೂರೇ ವಾರ. ಚೀನಾದ ಮಾಲೀಕರ ಕಡೆಯಿಂದ ಶೆನ್ ಎಂಬ ಹೆಂಗಸು ಬಂದಳು. ನಲವತ್ತೈದರ ಆಸುಪಾಸು, ಮಿತಭಾಷಿ, ಕುತ್ತಿಗೆಗೆ ನೇತುಹಾಕಿದ ಕನ್ನಡಕ. ನಾವು ಮೂರು ಮಾಲೀಕರನ್ನು ಕಂಡವರು, ಇವರು ನಾಲ್ಕನೆಯವರು. ಬಂದವರೆಲ್ಲ ಮೊದಲ ದಿನ ಬೆಣ್ಣೆ ಹಚ್ಚುತ್ತಾರೆ, ಕೇಕ್ ತರಿಸುತ್ತಾರೆ. ಇವಳು ಕೇಕ್ ತರಲಿಲ್ಲ. ನೇರ ನಮ್ಮ ಸೀಟಿನ ಶೆಡ್ಡಿಗೆ ಬಂದು ಗೋಡೆಗೆ ನೇತುಹಾಕಿದ, ಚರ್ಮ ಕತ್ತರಿಸುವ ಅಳತೆಯ ರಟ್ಟುಗಳನ್ನು ಒಂದೊಂದಾಗಿ ಇಳಿಸಿ ಯಂತ್ರದಲ್ಲಿ ಚಿತ್ರ ತೆಗೆಯತೊಡಗಿದಳು. ಮೂವತ್ತೆಂಟು ರಟ್ಟು, ಎರಡು ದಿನ.

ಆಗಿನ ಪರಿಸ್ಥಿತಿ ನಿನಗೆ ಗೊತ್ತೇ ಇದೆ. ಮಾರಾಟವಿಲ್ಲದೆ ಐದು ವಾರ ಕೆಲಸ ನಿಂತಿತ್ತು. ಅಮೆರಿಕದವರು ಸುಂಕ ಏರಿಸಿದ್ದರು, ಅಂಗಳದಲ್ಲಿ ಹಳದಿ ಕಾರುಗಳು ಹಾಗೇ ನಿಂತು ಹಕ್ಕಿ ಹಿಕ್ಕೆ ಹೊತ್ತಿದ್ದವು. ಅಂಥ ಹೊತ್ತಿನಲ್ಲಿ ಪರದೇಶದವಳೊಬ್ಬಳು ನಮ್ಮ ರಟ್ಟಿನ ಚಿತ್ರ ತೆಗೆದರೆ ಯಾರಾದರೂ ಏನೆಂದುಕೊಳ್ಳುತ್ತಾರೆ? ಡೆಸ್ಮಂಡ್ ಗಾಟ್ಸ್ ನನ್ನ ಪಕ್ಕಕ್ಕೆ ಬಂದು, "ನೋಡಿದ್ಯಾ ಗ್ಲೆಂಡಾ, ನಮ್ಮ ಚಟ್ಟಕ್ಕೆ ಅಳತೆ ತಗೊಳ್ತಿದಾಳೆ" ಎಂದ. ಚರ್ಮ ಕತ್ತರಿಸುವವರು ನಾವಿಬ್ಬರೇ. ಉಳಿದ ಒಂಬತ್ತು ಜನ ಹೊಲಿಯುವವರು.

ಈಗ ನಿನಗೆ ಒಂದು ವಿಷಯ ಹೇಳಬೇಕು. ನಿನ್ನಪ್ಪನಿಗೂ ಹೇಳಿಲ್ಲ. ಆ ರಟ್ಟುಗಳು ತಪ್ಪು. ನನಗೆ ಕೆಲಸ ಕಲಿಸಿದ ವಾಲ್ಟರ್ ಈಕ್ ಅವನ್ನು ಕತ್ತರಿಸಿದ್ದು ನಾನು ಕೆಲಸಕ್ಕೆ ಸೇರಿದ ವರ್ಷ. ಆಮೇಲೆ ಸೀಟಿನೊಳಗಿನ ಸ್ಪಂಜು ಬದಲಾಯಿತು, ಮೊದಲಿಗಿಂತ ದಪ್ಪದ್ದು ಬಂತು. ಹೊಸ ರಟ್ಟು ಮಾಡಿಸಿ ಎಂದು ಕೇಳಿದರೆ ಆಗಿನ ಮಾಲೀಕರು ಆಮೇಲೆ ನೋಡೋಣ ಎಂದರು. ಆ ಆಮೇಲೆ ಬರಲೇ ಇಲ್ಲ. ವಾಲ್ಟರ್ ಎಲ್ಲಿ ಹೊರಗೆ ಬಿಡಬೇಕು, ಎಲ್ಲಿ ಒಳಗೆ ಎಳೆಯಬೇಕು ಎಂದು ಹೆಬ್ಬೆರಳು ಇಟ್ಟು ನನಗೆ ತೋರಿಸಿದ, ನಾನು ಡೆಸ್ಮಂಡ್‌ಗೆ ತೋರಿಸಿದೆ. ಎಲ್ಲೂ ಬರೆದಿಲ್ಲ. ರಟ್ಟು ಗೋಡೆಯ ಮೇಲೆ, ಅಳತೆ ಬೆರಳಲ್ಲಿ.

ಶೆನ್ ಎರಡನೇ ದಿನ ಸಂಜೆ ನನ್ನ ಮೇಜಿನ ಹತ್ತಿರ ಬಂದು, "ಈ ರಟ್ಟಿನಲ್ಲಿ ಇರೋ ಹಾಗೇ ಕತ್ತರಿಸ್ತೀರಲ್ವಾ?" ಎಂದು ಕೇಳಿದಳು. ಕಣ್ಣಲ್ಲಿ ಕಣ್ಣಿಟ್ಟು ಕೇಳಿದಳು. ನಾನು, "ಇರೋದೆಲ್ಲ ಗೋಡೆ ಮೇಲೇ ಇದೆಯಲ್ಲಮ್ಮ, ನೋಡ್ಕೊಳ್ಳಿ" ಎಂದೆ. ಡೆಸ್ಮಂಡ್ ಟೀ ಕುಡಿಯುತ್ತಿದ್ದವನು ಕೆಮ್ಮಿದ. ನನಗೆ ಆಗ ಎಷ್ಟು ಖುಷಿಯಾಯಿತು ಅಂತೀಯ! ಮನೆಗೆ ಬಂದು ಹಾಡಿಕೊಳ್ಳುತ್ತ ಆಲೂಗಡ್ಡೆ ಸುಲಿದೆ.

ಕಳೆದ ಗುರುವಾರ ಚೀನಾದಿಂದ, ಆ ರಟ್ಟಿನ ಚಿತ್ರ ನೋಡಿ ಮಾಡಿದ ಮಾದರಿ ಸೀಟುಗಳು ಬಂದವು. ಪೆಟ್ಟಿಗೆ ಬಿಚ್ಚಿದರೆ ಭುಜದ ಹತ್ತಿರ ಚರ್ಮ ಮುದುಕಿಯ ಕೆನ್ನೆಯ ಹಾಗೆ ಸುಕ್ಕು. ಇಡೀ ಶೆಡ್ಡು ಬಿದ್ದುಬಿದ್ದು ನಕ್ಕಿತು. ಶೆನ್ ಮಾತ್ರ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ನನ್ನನ್ನು ಹೊರಗೆ ಕರೆದು, ಆ ಹಳದಿ ಕಾರುಗಳ ನಡುವೆ ನಿಂತು, "ನಾನು ನಿಮ್ಮ ಕೆಲಸ ಕದಿಯೋಕೆ ಬಂದೆ ಅಂದ್ಕೊಂಡ್ರಾ?" ಎಂದಳು.  ಆಮೇಲೆ ಬಿಡಿಸಿ ಹೇಳಿದಳು: ಹೊಸ ಚಿಕ್ಕ ಕಾರಿಗೂ ಇದೇ ಸೀಟು, ಚರ್ಮವನ್ನು ಅಲ್ಲಿ ಯಂತ್ರದಲ್ಲಿ ಕತ್ತರಿಸುವುದು, ಹೊಲಿಗೆ ಏಳು ವರ್ಷ ಇಲ್ಲಿ, ನಮ್ಮ ಶೆಡ್ಡಿನಲ್ಲಿ. ಹನ್ನೊಂದು ಜನರ ಜಾಗಕ್ಕೆ ಮೂವತ್ತು. ಮಾದರಿಯ ಚರ್ಮ ಸುಕ್ಕಿಲ್ಲದೆ ಕೂತರೆ ಮಾತ್ರ. ಕೂರದಿದ್ದರೆ ಸಿದ್ಧ ಸೀಟನ್ನೇ ಹೊರಗಿನಿಂದ ಕೊಳ್ಳುತ್ತಾರೆ, ಶೆಡ್ಡಿಗೆ ಬೀಗ. ಮುಂದಿನ ವಾರದ ಮಂಗಳವಾರ, ಇಪ್ಪತ್ನಾಲ್ಕಕ್ಕೆ, ತೀರ್ಮಾನ. ಯೋಜನೆಯ ಕಾಗದವನ್ನೂ ತೋರಿಸಿದಳು. ಕೆಳಗೆ ನಿನ್ನ ಹೆಸರಿತ್ತು.

ಬ್ರಯನಿ, ಆ ಹೆಸರನ್ನು ಬೆರಳಿಟ್ಟು ಎರಡು ಸಲ ಓದಿದೆ. ನಮ್ಮನ್ನು ಉಳಿಸಲು ಹೊರಟಿದ್ದೆಯೇನೇ? ಬಾಯಿಬಿಟ್ಟು ಹೇಳಬಾರದಿತ್ತೇ? "ಅಮ್ಮಾ, ಇದು ಗುಟ್ಟು, ಆದರೆ ನಿನ್ನ ಒಳ್ಳೆಯದಕ್ಕೆ" ಎಂದಿದ್ದರೆ ನಾನು ಬಡಿದಾಡುತ್ತಿದ್ದೆನೇ? ನೀನು ಬಾಯಿ ಮುಚ್ಚಿಕೊಂಡೆ, ನಾನೂ ಮುಚ್ಚಿಕೊಂಡೆ. ನಾನು ನಕ್ಕಿದ್ದು ನನ್ನ ಮಗಳ ಮೇಲೆಯೇ ಆಯಿತಲ್ಲ! ಹೊಲಿಯುವ ಆ ಒಂಬತ್ತು ಜನರ ಮುಖ ನೋಡುವುದು ಹೇಗೆ?

ಹಾಗೆಂದು ನಂಬಿಬಿಟ್ಟೆ ಎಂದುಕೊಳ್ಳಬೇಡ. ಏಳು ವರ್ಷ ಸರಿ, ಎಂಟನೇ ವರ್ಷ? ಕತ್ತರಿಸುವುದು ಅಲ್ಲಾದರೆ ಡೆಸ್ಮಂಡ್ ಏನು ಮಾಡಬೇಕು? ಶೆನ್ ಒಳ್ಳೆಯವಳಂತೆ ಕಾಣುತ್ತಾಳೆ, ಸರಿ. ಅವಳ ಮೇಲಿನವರು? ಆ ಕಾಗದದಲ್ಲಿ ಐದನೇ ಪುಟ ಇರಲಿಲ್ಲ, ನಾಲ್ಕಾದ ಮೇಲೆ ಆರು. ನಾನು ಎಣಿಸಿದೆ.

ಆದರೂ ಬೇರೆ ದಾರಿಯಿಲ್ಲ. ಅಳತೆ ಬಿಟ್ಟುಕೊಡುತ್ತಿದ್ದೇನೆ ಎಂದು ನಾಳೆಯೇ ಡೆಸ್ಮಂಡ್‌ಗೆ ಹೇಳಿಬಿಡುತ್ತೇನೆ. ಇದೋ ಅಳತೆ, ಶೆನ್‌ಗೆ ಕೊಡು: ಭುಜದ ತಿರುವಿನಲ್ಲಿ ರಟ್ಟಿಗಿಂತ ಕಾಲಿಂಚು ಹೊರಗೆ, ಬೆನ್ನಿನ ಬುಡದಲ್ಲಿ ಅರ್ಧ ಇಂಚು ಒಳಗೆ, ತೊಡೆಯ ಅಂಚು ಇದ್ದ ಹಾಗೇ. ನನ್ನ ಮೂವತ್ತೇಳು ವರ್ಷದ ಕೆಲಸದಲ್ಲಿ ಮೊದಲ ಸಲ ಇದು ಕಾಗದಕ್ಕೆ ಇಳಿಯುತ್ತಿದೆ. ಜೋಪಾನ.

ಸಿಟ್ಟೂ ಪ್ರೀತಿಯೂ ಸಮಸಮ ಇರುವ ನಿನ್ನ
ಅಮ್ಮ

ತಾ.ಕ.: ಮೇಲೆ ಬರೆದ ಅಳತೆ ಸುಳ್ಳು. ಲಕೋಟೆಯನ್ನು ಬೇರೆ ಯಾರಾದರೂ ಬಿಚ್ಚಿದರೆ ಎಂಬ ಭಯ. ಅಷ್ಟೇ ಅಲ್ಲ, ನಿನ್ನ ಮೇಲೂ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ, ಕ್ಷಮಿಸು ಮಗಳೇ. ನಿಜವಾದದ್ದು ಬೇಕಿದ್ದರೆ ಭಾನುವಾರ ಮನೆಗೆ ಬಾ, ಐದನೇ ಪುಟ ತೆಗೆದುಕೊಂಡು ಬಾ. ಶೆನ್‌ಳನ್ನೂ ಕರೆತಾ, ಊಟ ಇಲ್ಲೇ ಆಗಲಿ. ಪುಟ ಓದಿದ ಮೇಲೆ ನಿಮ್ಮಿಬ್ಬರ ಹೆಬ್ಬೆರಳನ್ನೂ ನಾನೇ ಚರ್ಮದ ಮೇಲೆ ಇಟ್ಟು ತೋರಿಸುತ್ತೇನೆ.