ಎಡಗಣ್ಣು ಅದುರಿದರೆ ಶುಭವಂತೆ, ಸೂಜಿ ಕೇಳಿದರೆ ಶೋಕಿಯಂತೆ

ಆರೋಗ್ಯ ವಿಮೆಯ ಅರ್ಜಿಗಳ ಹಣೆಬರಹ ಬರೆಯುವ ಮಾನ್ಯ ಅಧಿಕಾರಿಗಳೇ,

ನನ್ನ ಮುಖದ ಸ್ನಾಯು ಸೆಳೆತಕ್ಕೆ ಡಾಕ್ಟರು ಬರೆದುಕೊಟ್ಟ, ಸಿರಿವಂತರು ಮುಖದ ಸುಕ್ಕು ಮರೆಸಲೂ ಹಾಕಿಸಿಕೊಳ್ಳುವ ಬೊಟುಲಿನಮ್ ಇಂಜೆಕ್ಷನ್ನನ್ನು ತಾವು ‘ಸೌಂದರ್ಯವರ್ಧಕ’ ಎಂದು ತಿರಸ್ಕರಿಸಿದ್ದೀರಿ. ಬಹಳ ಸಂತೋಷ. ಐವತ್ತರ ಹತ್ತಿರ ಬಂದ, ಬಿಸಿಲಿಗೆ ಕರಕಲಾದ ಈ ಮೋರೆಯಲ್ಲೂ ಸೌಂದರ್ಯದ ಸಾಧ್ಯತೆ ಕಂಡವರಲ್ಲಿ ತಾವೇ ಮೊದಲಿಗರು. ನನ್ನ ಗಂಡನಿಗೆ ಇಷ್ಟು ವರ್ಷವಾದರೂ ಅದು ಹೊಳೆದಿರಲಿಲ್ಲ.

ನಾನು ಅಕ್ಕೂರಿನವಳು. ಊರಿನವರ ರೇಷ್ಮೆಗೂಡನ್ನು ರಾಮನಗರದ ಮಾರುಕಟ್ಟೆಗೆ ಸಾಗಿಸುವ ಲಗೇಜ್ ಆಟೋ ಓಡಿಸುತ್ತೇನೆ. ಎಡಗಣ್ಣು ಅದುರಲು ಶುರುವಾದಾಗ ಊರೇ ಹಿಗ್ಗಿತು. ಹೆಂಗಸರಿಗೆ ಎಡಗಣ್ಣು ಅದುರಿದರೆ ಶುಭ ತಾನೇ? ನಮ್ಮ ಬೀದಿಯ ಮರಿಯಪ್ಪಣ್ಣ ಬೇರೆ ಗಾಡಿಗಳನ್ನೆಲ್ಲ ಬಿಟ್ಟು ನನ್ನ ಆಟೋಗೇ ಗೂಡು ತುಂಬಿಸತೊಡಗಿದರು. “ಗಂಗವ್ವ, ನಿನ್ ಕಣ್ಣು ಅದುರ್ತಾ ಐತೆ ಕಣವ್ವ, ಇವತ್ತು ಒಳ್ಳೆ ರೇಟು ಸಿಕ್ತದೆ!” ಅದುರದ ದಿನ ಅವರ ಮುಖ ಬಾಡುತ್ತಿತ್ತು. ನಾನೂ ನಂಬಿ ಬೀಗಿದೆ. ಸೆಳೆತ ಕೆನ್ನೆಗಿಳಿಯಿತು, ಬಾಯಿ ಸೊಟ್ಟಗಾಯಿತು. ಒಂದು ದಿನ ತಿರುವಿನಲ್ಲಿ ಕಣ್ಣು ಗಪ್ಪನೆ ಮುಚ್ಚಿಕೊಂಡು ಗಾಡಿ ಚರಂಡಿಗಿಳಿಯಿತು. ಶುಭವೆಲ್ಲ ಕೊಚ್ಚೆಯಲ್ಲಿ ತೇಲಿತು, ಪಕ್ಕದಲ್ಲಿ ಕೂತಿದ್ದ ಮರಿಯಪ್ಪಣ್ಣನ ಕೈಮೂಳೆ ಮುರಿಯಿತು.

“ಅದೃಷ್ಟ ಅಲ್ಲಮ್ಮ, ರಕ್ತನಾಳ ಒಂದು ಮುಖದ ನರಾನ ಒತ್ತುತಾ ಇದೆ” ಎಂದರು ಡಾಕ್ಟರು. ಉಚಿತ ಆರೋಗ್ಯ ಶಿಬಿರವೊಂದರಲ್ಲಿ ಹಾಕಿದ ಮೊದಲ ಇಂಜೆಕ್ಷನ್ನಿಗೆ ಮುಖ ತಣ್ಣಗಾಯಿತು. ಆದರೆ ಮೂರ್ನಾಲ್ಕು ತಿಂಗಳಿಗೆ ಮದ್ದಿನ ಬಲ ಇಳಿಯುತ್ತದೆ, ಮತ್ತೆ ಹಾಕಿಸಬೇಕು. ನನಗೂ ಇಳಿದು, ಸೆಳೆತ ವಾಪಸು ಬಂತು. ತಮ್ಮ ಕಚೇರಿಯ ಮಹನೀಯರೊಬ್ಬರಿಗೆ ಇದನ್ನು ವಿವರಿಸಿದರೆ ನಕ್ಕರು: “ಈ ವಯಸ್ನಲ್ಲಿ ಹೀರೋಯಿನ್ ಆಗ್ಬೇಕೇನಮ್ಮ?” ಮೈಯೆಲ್ಲ ಉರಿದುಹೋಯಿತು ಸ್ವಾಮಿ. ಬಾಯಿ ತೆರೆಯುವ ಮೊದಲೇ ಈ ಹಾಳು ಕಣ್ಣು ಮುಚ್ಚಿಕೊಂಡಿತು. ಕಣ್ಣು ಹೊಡೆದೆನೆಂದು ಅವರು ನನ್ನನ್ನೇ ಗದರಿ ಕಳಿಸಿದರು.

ಸುಕ್ಕಿಗೂ ಸೆಳೆತಕ್ಕೂ ಮದ್ದು ಒಂದೇ ಆದರೆ ಕಾಯಿಲೆಯೂ ಒಂದೇ ಆಗಿಬಿಡುತ್ತದೆಯೇ? ಕತ್ತರಿ ದರ್ಜಿಯ ಕೈಯಲ್ಲೂ ಇರುತ್ತದೆ, ಸರ್ಜನ್ನರ ಕೈಯಲ್ಲೂ ಇರುತ್ತದೆ. ಹಾಗೆಂದು ಆಪರೇಷನ್ನನ್ನೂ ಟೈಲರಿಂಗ್ ಲೆಕ್ಕಕ್ಕೆ ಹಾಕುತ್ತೀರಾ? ಈಗ ಆಟೋ ಮನೆ ಮುಂದೆ ನಿಂತಿದೆ. “ಬುಡವ್ವ, ನಿನ್ ತಪ್ಪಲ್ಲ” ಎನ್ನುತ್ತಾರೆ ಮರಿಯಪ್ಪಣ್ಣ. ಗೂಡು ಮಾತ್ರ ಬೇರೆಯವರ ಗಾಡಿಗೆ ತುಂಬುತ್ತಾರೆ. ತುಂಬದೆ ಏನು ಮಾಡಿಯಾರು? ನನ್ನ ಹೊಟ್ಟೆ ಉರಿಯುತ್ತದೆ, ಆದರೂ ಅವರನ್ನು ಬೈಯಲು ಮನಸ್ಸು ಬರುವುದಿಲ್ಲ.

ತಮ್ಮ ಆದೇಶ ವಾಪಸು ತೆಗೆದುಕೊಳ್ಳಿ. ಈ ಇಂಜೆಕ್ಷನ್ ಚಿಕಿತ್ಸೆಯೆಂದು ಒಪ್ಪಿ, ಬಲ ಇಳಿದಾಗಲೆಲ್ಲ ಕೊಡಿಸಿ. ಇನ್ನೂ ಅನುಮಾನವಿದ್ದರೆ ಒಂದು ಬೆಳಗ್ಗೆ ಅಕ್ಕೂರಿಗೆ ಬನ್ನಿ. ತಾವು ಪಕ್ಕದಲ್ಲಿ ಕೂರುವುದಾದರೆ ಅದೊಂದು ದಿನ ನಾನೇ ಓಡಿಸುತ್ತೇನೆ. ನಾನು ಚೆಂದ ಕಾಣದಿದ್ದರೂ ಪರವಾಗಿಲ್ಲ ಸ್ವಾಮಿ, ಎದುರಿಗೆ ಬರುವ ಲಾರಿ ನನಗೆ ಕಾಣಬೇಕು.

ಇಂತಿ,
ತಮ್ಮ ಕಡತದ ಪ್ರಕಾರ ಸೌಂದರ್ಯದ ಆಸೆಗೆ ಬಿದ್ದವಳು,
ಗಂಗಲಕ್ಷ್ಮಮ್ಮ, ಅಕ್ಕೂರು