ಹುಳದ ವಾಸನೆಯ ದೂರು

ಚನ್ನಪಟ್ಟಣ
೧೪ ಸೆಪ್ಟೆಂಬರ್ ೨೦೨೫, ಭಾನುವಾರ

ಹಿನಾಳ ಅಬ್ಬಾ ಅವರಿಗೆ, ಅಸ್ಸಲಾಮು ಅಲೈಕುಂ.

ನಿಮ್ಮ ಬೆನ್ನುನೋವು ಹೇಗಿದೆ? ದಮ್ಮಾಮ್‌ನಲ್ಲಿ ಬಿಸಿಲು ಒಂದಿಷ್ಟಾದರೂ ಇಳಿಯಿತೇ? ಲಾರಿಯ ಎ.ಸಿ. ಕೆಟ್ಟಿದೆ ಎಂದಿದ್ದಿರಿ. ಸರಿ ಮಾಡಿಸಿಕೊಟ್ಟರೇ, ಇಲ್ಲ ಎಂದಿನ ಹಾಗೆ ಯಾರ ಹತ್ತಿರವೂ ಬಾಯಿ ಬಿಡದೆ ಬೆಂದು ಹೋಗುತ್ತಿದ್ದೀರಾ? ನಿಮ್ಮ ಸ್ವಭಾವ ನನಗೆ ಗೊತ್ತಿಲ್ಲವೇ. ನಿಕಾಹ್ ದಿನ ಹೊಸ ಬೂಟು ಕಚ್ಚಿ ಹಿಮ್ಮಡಿ ಬೊಬ್ಬೆ ಎದ್ದಿದ್ದರೂ ಸಂಜೆಯವರೆಗೆ ನಗುತ್ತ ಕೂತಿದ್ದವರು ನೀವು. ನಿಮ್ಮ ರೂಮಿನ ಅಜರ್ ರಜೆ ಮುಗಿಸಿ ನಾಳೆ ಅಲ್ಲಿಗೆ ಹೊರಡುತ್ತಾನೆ. ಅವನ ಕೈಯಲ್ಲಿ ನಿಂಬೆಕಾಯಿ ಉಪ್ಪಿನಕಾಯಿಯ ಜೊತೆ ಈ ಕಾಗದ ಕಳಿಸುತ್ತಿದ್ದೇನೆ. ಫೋನಿದ್ದೂ ಕಾಗದ ಯಾಕೆ ಎಂದು ಹುಬ್ಬು ಗಂಟು ಹಾಕಬೇಡಿ. ನಮ್ಮದು ಒಂದೇ ಕೋಣೆಯ ಮನೆ, ನಾನು ಫೋನಿನಲ್ಲಿ ನಿಟ್ಟುಸಿರು ಬಿಟ್ಟರೂ ಹಿನಾಳಿಗೆ ಕೇಳಿಸುತ್ತದೆ.

ಹಿನಾ ಆರೋಗ್ಯವಾಗಿದ್ದಾಳೆ. ಬಸ್ಸಿನವರ ಮೇಲಿನ ದೂರು ಗೆದ್ದೆವು ಎಂದು ಅವಳು ನಿಮಗೆ ಹೇಳಿದಳಂತೆ, ನೀವು ಖುಷಿಯಲ್ಲಿ ರೂಮಿನವರಿಗೆಲ್ಲ ಚಹಾ ಕುಡಿಸಿದಿರಂತೆ. ಕುಡಿಸಿದ್ದಾಯಿತು. ಗೆದ್ದದ್ದು ಹೇಗೆ ಎಂಬುದನ್ನು ಈಗ ಕೇಳಿ.

ರಾಮನಗರದ ಫಿಲೇಚರ್‌ನಲ್ಲಿ ನಾನು ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವುದು, ಸಂಜೆ ಕಾಲೇಜು ಬಿಟ್ಟ ಮೇಲೆ ಹಿನಾ ಅಲ್ಲಿಗೇ ಬಂದು ಒಂದು ಗಳಿಗೆ ನನಗೆ ಕೈ ಜೋಡಿಸುವುದು ನಿಮಗೆ ಗೊತ್ತೇ ಇದೆ. ಆ ಶನಿವಾರ ಅಡುಗೆ ಮಾಡಿರುತ್ತೇನೆಂದು ಅವಳು ನನಗಿಂತ ಮೊದಲೇ ಹೊರಟು ಬೆಟ್ಟದಮ್ಮ ಪ್ರೈವೇಟ್ ಬಸ್ಸು ಹತ್ತಿದಳು. ಕಂಡಕ್ಟರ್ ಮನೋಹರ್ ಹತ್ತಿರ ಬಂದವನೇ ಮೂಗಿಗೆ ಕರ್ಚೀಫು ಹಿಡಿದನಂತೆ. "ಹುಳ ಬೇಯ್ಸೋರೆಲ್ಲ ಸೀಟ್ ಮ್ಯಾಲೆ ಕುಂತ್ಕಂಡ್ರೆ ಮಿಕ್ದೋರು ಉಸ್ರಾಡೋದ್ ಬ್ಯಾಡ್ವಾ? ಇಳಿ, ಇಳಿ" ಎಂದು ನಡುದಾರಿಯಲ್ಲಿ, ಹೆದ್ದಾರಿಯ ಪಕ್ಕದಲ್ಲಿ ಇಳಿಸಿಬಿಟ್ಟ. ಅದೇ ಬಸ್ಸಿನ ಮುಂದಿನ ಸೀಟಿನಲ್ಲಿ ನಮ್ಮ ಫಿಲೇಚರ್‌ನ ದಾಸಪ್ಪ ಕೂತಿದ್ದ. ಬೆಳಗಿನಿಂದ ನನ್ನ ಪಕ್ಕದ ಒಲೆಯಲ್ಲೇ ಗೂಡು ಬೇಯಿಸಿದವನು. ಒಂದು ಗಳಿಗೆ ನಿಂತು ಹೋದ ಬುರ್ಖಾದ ಹುಡುಗಿಗೆ ಹುಳದ ವಾಸನೆ, ದಿನವೆಲ್ಲ ಬೆಂದ ದಾಸಪ್ಪನಿಗೆ "ಬಾ ದಾಸಪ್ಪಣ್ಣ, ಕುಂತ್ಕೊ." ಲಾರಿಗಳ ಧೂಳು ಕುಡಿದುಕೊಂಡು ನಡೆದು ಬಂದ ಮಗಳನ್ನು ನೋಡಿ ನನ್ನ ಮೈ ಉರಿದುಹೋಯಿತು.

ದೂರು ಕೊಡು ಎಂದವಳು ನಾನೇ. ಬಿಡು ಅಮ್ಮಿ, ನಾಳೆಯಿಂದ ಹಿಂದೆ ನಿಂತುಕೊಂಡು ಬರುತ್ತೇನೆ ಎಂದಳು ಅವಳು. ಹಿಂದೆ ನಿಲ್ಲುವುದಕ್ಕಾ ನಿನ್ನನ್ನು ಡಿಗ್ರಿ ಓದಿಸುತ್ತಿರುವುದು ಎಂದು ಬೈದು, ಕೂರಿಸಿ ಬರೆಸಿದೆ. ಇವತ್ತು ಕೇಳಿದರೂ ಬರೆಸುತ್ತೇನೆ. ಆದರೆ ದಾಸಪ್ಪನ ವಿಷಯ ಬರೆಯಲು ಅವಳು ಒಪ್ಪಲಿಲ್ಲ. ಹಿಂದೂ ಮುಸ್ಲಿಂ ಅಂತ ಬಂದರೆ ಗಲಾಟೆಯಾಗುತ್ತೆ, ನಾನು ಅದೇ ಬಸ್ಸಿನಲ್ಲಿ ಓಡಾಡಬೇಕು ಎಂದಳು. 'ಮೈಯಿಂದ ವಾಸನೆ ಬರುತ್ತದೆ ಎಂದು ಹೇಳಿ ಇಳಿಸಿದರು' ಎಂದಷ್ಟೇ ಬರೆದು ಸಾರಿಗೆಯವರಿಗೆ ಕಳಿಸಿದಳು.

ವಿಚಾರಣೆ ನಡೆದದ್ದು ಬಸ್ ಮಾಲೀಕರ ಆಫೀಸಿನಲ್ಲೇ. ಯಾರ ಮೇಲೆ ದೂರೋ ಅವರದೇ ಕುರ್ಚಿ, ಅವರದೇ ಕಾಫಿ. ಬೆಳಿಗ್ಗೆ ನಾನು ಹಿನಾಳ ತಲೆಗೆ ಸೀಗೆಪುಡಿ ಹಾಕಿ ಉಜ್ಜಿ, ಹೊಸ ಬಟ್ಟೆ ಉಡಿಸಿ, ನೀವು ಕಳಿಸಿದ ಅತ್ತರನ್ನು ಕತ್ತಿಗೂ ಕೈಗೂ ಧಾರಾಳವಾಗಿ ಹಚ್ಚಿ ಕರೆದುಕೊಂಡು ಹೋಗಿದ್ದೆ. ಒಳಗೆ ಕಾಲಿಟ್ಟ ಕೂಡಲೇ ವಿಚಾರಣೆಗೆ ಬಂದಿದ್ದ ಸಾರಿಗೆಯ ಸಾಹೇಬರು ತಲೆ ಎತ್ತಿ, ಇಷ್ಟೊಂದು ಸೆಂಟು ಯಾಕಮ್ಮ, ಏನು ಮುಚ್ಚಿಡಬೇಕಿತ್ತು ಎಂದರು. ಮನೋಹರ್ ಕಿಸಕ್ಕನೆ ನಕ್ಕ. ನಾನು ದಾಸಪ್ಪನ ವಿಷಯ ಎತ್ತಿದೆ. ಅದೆಲ್ಲ ಇಲ್ಲಿ ತರಬೇಡಿ, ದೂರಿನಲ್ಲಿ ಇರುವುದು ವಾಸನೆ, ವಾಸನೆ ಇತ್ತೋ ಇಲ್ಲವೋ ಅಷ್ಟೇ ನಾನು ನೋಡಬೇಕಾದ್ದು ಎಂದು ನನ್ನ ಬಾಯಿ ಮುಚ್ಚಿಸಿದರು.

ನೋಡಿದ್ದು ಹೇಗೆ ಗೊತ್ತೇ? ಮೂಸಿ. ನಮ್ಮ ಮಗಳನ್ನು ಕೋಣೆಯ ನಡುವೆ ನಿಲ್ಲಿಸಿದರು. ಆವತ್ತು ಬಸ್ಸಿನಲ್ಲಿದ್ದಳೆಂದು ನಮ್ಮ ಕಡೆಯ ಸಾಕ್ಷಿಗೆ ನಾನು ಕಾಡಿಬೇಡಿ ಕರೆತಂದಿದ್ದ ಮುನಿರತ್ನಮ್ಮನಿಗೇ, ಆವತ್ತು ಇದ್ದ ವಾಸನೆ ಈಗ ಇದೆಯೋ ಹತ್ತಿರ ಹೋಗಿ ನೋಡಿ ಹೇಳು ಎಂದರು. ಮನೆಯ ತುಂಬ ಹುಳ ಸಾಕುವ ಹೆಂಗಸು, ಗೂಡಿನ ಚೀಲವನ್ನು ಅದೇ ಬಸ್ಸಿನಲ್ಲಿ ಮಾರ್ಕೆಟ್ಟಿಗೆ ತರುವವಳು. ಹಿನಾಳ ಕತ್ತಿನ ಹತ್ತಿರ ಬಗ್ಗಿ ಎರಡು ಸಲ ಮೂಸಿ, "ಐತೆ ಸ್ವಾಮಿ, ಒಸಿ ಐತೆ. ಮಕ್ಕಳೊಂದಿಗಳು ನಾನು, ಸುಳ್ಳೇಳಕ್ಕಾಯ್ತದಾ?" ಎಂದಳು. ಕೆಟ್ಟವಳಲ್ಲ, ಸತ್ಯ ಹೇಳಿದೆ ಎಂಬ ನೆಮ್ಮದಿಯಿಂದ ಕಾಫಿ ಕುಡಿದು ಹೋದಳು. ಅವಳ ಆ ನೆಮ್ಮದಿಗೆ ಬೆಂಕಿ ಬೀಳಲಿ.

ಆಮೇಲೆ ಸಾಹೇಬರಿಗೆ ಇನ್ನೊಂದು ಹೊಳೆಯಿತು. ವಾಸನೆ ಈ ಹುಡುಗಿಯದೋ, ಪಕ್ಕದಲ್ಲಿ ನಿಂತಿರುವ ತಾಯಿಯದೋ? ನೀನೇ ನಿನ್ನ ತಾಯಿಯ ಹತ್ತಿರ ಹೋಗಿ ನೋಡಿ ಹೇಳಮ್ಮ ಎಂದರು. ಹಿನಾ ಬಂದಳು. ನನ್ನ ಭುಜದ ಹತ್ತಿರ ಮುಖ ತಂದಳು. ಚಿಕ್ಕವಳಿದ್ದಾಗ ನಿದ್ದೆ ಬರಬೇಕಾದರೆ ಅವಳು ಮುಖ ಹುದುಗಿಸುತ್ತಿದ್ದ ಜಾಗ ಅದು. ತುಂಬ ಹೊತ್ತೇನೂ ಯೋಚಿಸಲಿಲ್ಲ. "ಬರುತ್ತೆ ಸರ್. ಅಮ್ಮಿದು. ನನ್ನದಲ್ಲ" ಎಂದಳು. ನಾನು ಹೌದು ಸರ್ ಎಂದೆ. ಮತ್ತೇನು ಹೇಳಲಿ ಹೇಳಿ.

ಹೀಗೆ ಗೆದ್ದೆವು. ವಿದ್ಯಾರ್ಥಿನಿಯನ್ನು ಇಳಿಸಿದ್ದು ತಪ್ಪು, ಅವಳು ಎಲ್ಲಿ ಬೇಕಾದರೂ ಕೂರಬಹುದು, ಕಂಡಕ್ಟರ್ ಕ್ಷಮೆ ಕೇಳಬೇಕು ಎಂದು ಸಾಹೇಬರು ಬರೆದುಕೊಟ್ಟರು. ಮನೋಹರ್ ಹಲ್ಲು ಕಿರಿದುಕೊಂಡು ಸಾರಿ ಸಿಸ್ಟರ್ ಎಂದ. ಕೆಳಗೆ ಇನ್ನೊಂದು ಸಾಲಿತ್ತು, ಅದನ್ನೀಗ ಬಸ್ಸಿನೊಳಗೆ ಹಸಿರು ಬಣ್ಣದಲ್ಲಿ ಬರೆಸಿ ಹಾಕಿದ್ದಾರೆ: 'ರೇಷ್ಮೆ ನೂಲು ಬಿಚ್ಚುವ ಕೆಲಸದವರು ಹಿಂದಿನ ಸೀಟುಗಳಲ್ಲಿ ಕುಳಿತು ಸಹಕರಿಸಬೇಕು.' ದಾಸಪ್ಪ ಇವತ್ತಿಗೂ ಮುಂದೆಯೇ ಕೂರುತ್ತಾನೆ, ಅವನನ್ನು ಯಾರೂ ಕೇಳಿಲ್ಲ. ನನ್ನ ಜೊತೆ ಕೆಲಸಕ್ಕೆ ಬರುವ ನಮ್ಮ ಬೀದಿಯ ಹೆಂಗಸರು ಮಾತ್ರ ನನ್ನ ಕಂಡರೆ ನೀರಿನ ಕೊಡ ಎತ್ತಿಕೊಂಡು ಹೊರಡುತ್ತಾರೆ. ನಿನ್ನ ಮಗಳಿಗೆ ಸೀಟು ಕೊಡಿಸಿದೆ, ನಮಗೆ ಬೋರ್ಡು ಕೊಡಿಸಿದೆ ಎಂದು ಒಬ್ಬಳು ಮುಖದ ಮೇಲೇ ಹೇಳಿದಳು. ಸುಳ್ಳೇನಲ್ಲ.

ಈಗ ಸಂಜೆ ಒಂದೇ ಬಸ್ಸಿನಲ್ಲಿ ಬರುತ್ತೇವೆ. ಅವಳು ಮುಂದೆ, ನಾನು ಕೊನೆಯ ಸೀಟಿನಲ್ಲಿ. ಫಿಲೇಚರ್ ಕಡೆ ಅವಳು ಮುಖ ಹಾಕುವುದಿಲ್ಲ. ಇಳಿದ ಮೇಲೂ ನಾನು ಸ್ವಲ್ಪ ಹಿಂದೆಯೇ ನಡೆಯುತ್ತೇನೆ, ಅವಳ ಗೆಳತಿಯರು ಇರುತ್ತಾರಲ್ಲ. ಮನೆಗೆ ಬಂದವಳೇ ಕೈಯನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಾಳೆ, ಚರ್ಮ ಕೆಂಪಾಗುವವರೆಗೆ ಉಜ್ಜುತ್ತಾಳೆ. ಅವಳ ಚಾಪೆ ಬಾಗಿಲ ಹತ್ತಿರಕ್ಕೆ ಹೋಗಿದೆ. ಸೆಕೆ ಅಮ್ಮಿ ಎನ್ನುತ್ತಾಳೆ. ಸೆಪ್ಟೆಂಬರ್ ಮಳೆಯಲ್ಲಿ ಎಂಥ ಸೆಕೆ! ಅವಳ ಮೇಲೆ ನನಗೆ ಕೋಪವಿಲ್ಲ ಎಂದು ಬರೆಯಬೇಕೆಂದುಕೊಂಡಿದ್ದೆ. ಇದೆ ಕಣ್ರೀ, ಹೊಟ್ಟೆ ಉರಿಯುವಷ್ಟು ಇದೆ. ಆದರೂ ಅವಳು ಮುಂದಿನ ಸೀಟಿನಲ್ಲಿ ಕೂತಿರುವುದನ್ನು ನೋಡಿದರೆ ನನ್ನ ಕಣ್ಣು ತಣ್ಣಗಾಗುತ್ತದೆ.

ಉಪ್ಪಿನಕಾಯಿ ಒಬ್ಬರೇ ತಿನ್ನಬೇಡಿ, ಅಜರ್‌ಗೂ ಕೊಡಿ. ಬೆನ್ನಿಗೆ ಎಣ್ಣೆ ಹಚ್ಚಿಸಿಕೊಳ್ಳಿ. ಆ ದೂರದ ರಸ್ತೆಗಳಲ್ಲಿ ಅಲ್ಲಾಹು ನಿಮ್ಮ ಕಣ್ಣಿಗೆ ನಿದ್ದೆ ಬಾರದಂತೆ ಕಾಪಾಡಲಿ, ರೂಮಿಗೆ ಬಂದ ಮೇಲೆ ಒಳ್ಳೆಯ ನಿದ್ದೆ ಕೊಡಲಿ.

ನಿಮ್ಮ
ಕರೀಮುನ್ನೀಸಾ

ತಾ.ಕ.: ಅಜರ್ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಈ ವಾರ ಹಿನಾ ನಿಮಗೆ ಫೋನು ಮಾಡಿ, ಬಸ್ಸಿನ ಓಡಾಟ ಸಾಕಾಗಿದೆ, ರಾಮನಗರದಲ್ಲಿ ನಿಮ್ಮ ತಂಗಿ ಅತಿಯಾಳ ಮನೆಯಲ್ಲಿದ್ದು ಓದುತ್ತೇನೆ ಎಂದು ಕೇಳುತ್ತಾಳೆ. ನಿಜವಾದ ಕಾರಣ ಬಸ್ಸಲ್ಲ. "ಫುಪ್ಪು, ಇಲ್ಲಿದ್ದರೆ ನನ್ನ ಬಟ್ಟೆಗೂ ಹತ್ತಿಕೊಳ್ಳುತ್ತೆ" ಎಂದು ಅವಳು ಅತಿಯಾಳಿಗೆ ಹೇಳುವುದನ್ನು ಕೇಳಿಸಿಕೊಂಡಿದ್ದೇನೆ. ಅವಳು ಕೇಳುವ ಮೊದಲೇ ನೀವೇ ಹೋಗು ಎಂದುಬಿಡಿ, ಅಬ್ಬಾನ ಹುಕುಂ ಎಂದಾಗಲಿ. ಕಾರಣ ಇನ್ನೊಂದು ಸಲ ಅವಳ ಬಾಯಿಂದ ಬರುವುದು ಬೇಡ. ನಾನು ಅಳುತ್ತೇನೆ, ಕಳಿಸುವುದಿಲ್ಲ ಎಂದು ಕೂಗಾಡುತ್ತೇನೆ, ನಿಮ್ಮ ವಂಶವನ್ನೆಲ್ಲ ಎಳೆದು ಬೈಯುತ್ತೇನೆ. ನೀವು ಮಾತ್ರ ಆಗ ನನ್ನ ಮಾತಿಗೆ ಒಪ್ಪಬೇಡಿ.